ಗಾಲ್ಫ್ ಚೆಂಡಿನ ಹಾದಿ

ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ಪ್ರತಿವರ್ಷವೂ ನಾವು ಹಲಗೆಯ ಮೇಲೆ ಒಂದು ಬಾಗುರೇಖೆಯನ್ನು ಬರೆಯುತ್ತೇವೆ. ಓರೆಯಾಗಿ ಎಸೆದ ವಸ್ತು ಮೇಲೇರಿ, ಬಾಗಿ, ಮತ್ತೆ ನೆಲಕ್ಕೆ ಬೀಳುವ ಹಾದಿ ಅದು. ಅದು ಪರವಲಯವೆಂದು ಸಾಧಿಸಿ ತೋರಿಸುವುದಕ್ಕೆ ಹತ್ತು ನಿಮಿಷ ಸಾಕು. ಆದರೆ ಸಾಧನೆಗೆ ತೊಡಗುವ ಮುನ್ನ, "ಗಾಳಿಯ ತಡೆ ಇಲ್ಲವೆಂದು ಭಾವಿಸೋಣ" ಎಂಬ ಒಂದು ಮಾತನ್ನು ಮೆಲ್ಲನೆ ಹೇಳಿಬಿಡುತ್ತೇವೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ, ಯಾರೂ ಪ್ರಶ್ನಿಸುವುದಿಲ್ಲ. ಗಾಳಿಯಿದ್ದರೆ ವಸ್ತು ಸ್ವಲ್ಪ ಹತ್ತಿರದಲ್ಲಿ ಬಿದ್ದೀತು, ಅಷ್ಟೆ ಎಂದು ಎಲ್ಲರ ನಂಬಿಕೆ. ನಾವು ವಿದ್ಯಾರ್ಥಿಗಳಾಗಿದ್ದಾಗ ನಂಬಿದ್ದುದೂ ಹಾಗೆಯೇ.

ಈ ನಂಬಿಕೆಯನ್ನು ತಲೆಕೆಳಗು ಮಾಡುವ ಒಂದು ಪುಟ್ಟ ವಸ್ತುವುಂಟು. ಅದೇ ಗಾಲ್ಫ್ ಚೆಂಡು. ನುರಿತ ಆಟಗಾರನೊಬ್ಬನು ಬಲವಾಗಿ ಹೊಡೆದಾಗ ಚೆಂಡು ಸೆಕೆಂಡಿಗೆ ಸುಮಾರು 74 ಮೀಟರು ವೇಗದಿಂದ, ನೆಲಕ್ಕೆ ಸುಮಾರು 11 ಡಿಗ್ರಿ ಕೋನದಲ್ಲಿ ಹೊರಡುತ್ತದೆ. ಈ ಎರಡು ಅಂಕಿಗಳನ್ನು ನಮ್ಮ ತರಗತಿಯ ಸೂತ್ರದಲ್ಲಿಟ್ಟು ಲೆಕ್ಕ ಮಾಡಿದರೆ, ಚೆಂಡು ಸುಮಾರು 10 ಮೀಟರು ಎತ್ತರಕ್ಕೆ ಏರಬೇಕು, 2.9 ಸೆಕೆಂಡು ಹಾರಬೇಕು. 209 ಮೀಟರು ದೂರದಲ್ಲಿ ನೆಲ ಮುಟ್ಟಬೇಕು. ವಾಸ್ತವದಲ್ಲಿ ನಡೆಯುವುದೇ ಬೇರೆ. ಚೆಂಡು ಸುಮಾರು 30 ಮೀಟರು ಎತ್ತರಕ್ಕೆ ಏರುತ್ತದೆ. 6 ಸೆಕೆಂಡಿಗೂ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ. ಸುಮಾರು 250 ಮೀಟರು ದೂರದಲ್ಲಿ ಬೀಳುತ್ತದೆ. ಗಾಳಿಯೇ ಇಲ್ಲದ ಲೋಕದಲ್ಲಿ ಹೋಗಬೇಕಾದುದಕ್ಕಿಂತ ಗಾಳಿ ತುಂಬಿದ ಲೋಕದಲ್ಲಿ ಚೆಂಡು ಹೆಚ್ಚು ದೂರ ಹೋಯಿತು! ತಡೆಯಬೇಕಾದ ಗಾಳಿಯೇ ಅದನ್ನು ಹೊತ್ತು ಸಾಗಿಸಿತು. ಇದು ಹೇಗೆ ಸಾಧ್ಯ? ಆಟಗಾರನ ಕೈಯಲ್ಲಿ ಇದರ ಯಾವ ಭಾಗವಿದೆ? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಗಾಲ್ಫ್ ಆಟವನ್ನು ಕಂಡಿಲ್ಲದ ವಾಚಕರಿಗಾಗಿ ಎರಡು ಮಾತು. ವಿಶಾಲವಾದ ಹುಲ್ಲುಬಯಲಿನಲ್ಲಿ, ನಿಂತಿರುವ ಒಂದು ಚಿಕ್ಕ ಚೆಂಡನ್ನು ಉದ್ದನೆಯ ದಾಂಡಿನಿಂದ ಹೊಡೆಯುತ್ತ, ಆದಷ್ಟು ಕಡಮೆ ಹೊಡೆತಗಳಲ್ಲಿ ಅದನ್ನು ದೂರದ ಒಂದು ಕುಳಿಗೆ ಬೀಳಿಸುವುದೇ ಆಟ. ಈಗಿನ ರೂಪದ ಆಟ ಬೆಳೆದುದು ಸ್ಕಾಟ್ಲೆಂಡಿನಲ್ಲಿ. ನಮ್ಮ ನಾಡಿಗೂ ಅದು ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದುದು 1876ರಲ್ಲಿ. ಆದರೂ ನಮ್ಮಲ್ಲಿ ಹೆಚ್ಚು ಮಂದಿ ಈ ಆಟವನ್ನು ಬೇಲಿಯ ಹೊರಗಿನಿಂದ ನೋಡಿದವರೇ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರು ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದಾಗ, ಗಾಲ್ಫಿನ ಗಂಧವೇ ಇಲ್ಲದವರೂ ಬೆಳಗಿನ ಜಾವವೆದ್ದು ಟೆಲಿವಿಷನ್ನಿನ ಮುಂದೆ ಕುಳಿತದ್ದುಂಟು.

ಟೇಟನ ಒಗಟು

ಗಾಲ್ಫ್ ಚೆಂಡಿನ ಹಾರಾಟವನ್ನು ಮೊದಲು ಗಂಭೀರವಾಗಿ ಅಭ್ಯಾಸ ಮಾಡಿದವನು ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿದ್ದ ಪೀಟರ್ ಗತ್ರಿ ಟೇಟ್ (1831–1901). ಇವನು ವಿದ್ಯುತ್ಕಾಂತ ಸಿದ್ಧಾಂತದ ಮ್ಯಾಕ್ಸ್‌ವೆಲ್ಲನ ಶಾಲಾಸಹಪಾಠಿ. 1860ರಲ್ಲಿ ಎಡಿನ್‌ಬರೋ ಪೀಠಕ್ಕೆ ಮ್ಯಾಕ್ಸ್‌ವೆಲ್ಲನೂ ಟೇಟನೂ ಇಬ್ಬರೂ ಅರ್ಜಿ ಹಾಕಿದ್ದರು, ಸ್ಥಾನ ದೊರೆತದ್ದು ಟೇಟನಿಗೆ. ಕೆಲ್ವಿನ್ನನೊಡನೆ ಸೇರಿ ಇವನು ಬರೆದ ಭೌತವಿಜ್ಞಾನದ ಮಹಾಗ್ರಂಥ 1867ರಲ್ಲಿ ಹೊರಬಂದಿತು. ಇಂಥವನಿಗೆ ಗಾಲ್ಫಿನ ಹುಚ್ಚು ಬಹಳ. ಮಗ ಫ್ರೆಡ್ಡಿಯಂತೂ ಹವ್ಯಾಸಿ ಆಟಗಾರರಲ್ಲಿ ಅಗ್ರಗಣ್ಯನಾಗಿ 1896 ಮತ್ತು 1898ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. 1900ರಲ್ಲಿ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಚಿಕ್ಕ ವಯಸ್ಸಿನಲ್ಲೇ ಮಡಿದನು.

ತಂದೆ ಮಕ್ಕಳ ವಿಷಯದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಚೆಂಡು ಇಷ್ಟೇ ಗಜ ಹೋಗಬಲ್ಲದು, ಅದಕ್ಕಿಂತ ಹೆಚ್ಚು ಹೋಗುವುದು ಅಸಾಧ್ಯವೆಂದು ತಂದೆ ಗಣಿತದಿಂದ ಸಾಧಿಸಿದನಂತೆ. ಮಗ ಮರುದಿನವೇ ಬಯಲಿಗೆ ಹೋಗಿ ಅದಕ್ಕಿಂತ ಬಹಳ ದೂರ ಹೊಡೆದು ತೋರಿಸಿದನಂತೆ! ಕಥೆ ಸೊಗಸಾಗಿದೆ, ಆದರೆ ಕಾಲಕ್ರಮ ಹೊಂದುವುದಿಲ್ಲ. ಫ್ರೆಡ್ಡಿ ಸೇಂಟ್ ಆಂಡ್ರೂಸ್ ಬಯಲಿನಲ್ಲಿ ಚೆಂಡನ್ನು ಗಾಳಿಯಲ್ಲೇ ಸುಮಾರು 250 ಗಜ ಹಾರಿಸಿದುದು 1893ರಲ್ಲಿ. ಅಷ್ಟು ಹೊತ್ತಿಗೆ ಟೇಟನಿಗೆ ಗುಟ್ಟು ಹೊಳೆದು ಎರಡು ಮೂರು ವರ್ಷಗಳಾಗಿದ್ದವು.

ಅವನನ್ನು ನಿಜವಾಗಿ ಕಾಡಿದುದು ದೂರಕ್ಕಿಂತ ಹೆಚ್ಚಾಗಿ ಕಾಲ. ಗಾಳಿಯ ತಡೆಯನ್ನೂ ಸೇರಿಸಿ ಅವನು ಲೆಕ್ಕ ಹಾಕಿದನು. ಆ ಲೆಕ್ಕದಂತೆ ತಗ್ಗಾಗಿ ಹೊರಟ ಚೆಂಡು ಬೇಗನೆ ನೆಲಕ್ಕೆ ಬೀಳಬೇಕು. ಬಯಲಿನಲ್ಲಿ ಗಡಿಯಾರ ಹಿಡಿದು ನೋಡಿದರೆ ಚೆಂಡು ಅದಕ್ಕಿಂತ ಬಹಳ ಹೊತ್ತು ಗಾಳಿಯಲ್ಲಿರುತ್ತಿತ್ತು. ಗಣಿತದಲ್ಲಿ ತಪ್ಪಿರಲಿಲ್ಲ, ಗಣಿತಕ್ಕೆ ಮುಂಚೆ ಮಾಡಿದ್ದ ಭಾವನೆಯಲ್ಲಿ ತಪ್ಪಿತ್ತು. ಚೆಂಡು ಮುಂದೆ ಸಾಗುತ್ತದೆಂದು ಎಣಿಸಿದ್ದೇನೋ ಸರಿ; ಸಾಗುವಾಗ ತನ್ನ ಸುತ್ತ ತಾನೇ ತಿರುಗುತ್ತದೆಂಬುದನ್ನು ಬಿಟ್ಟಿದ್ದನು. ಚೆಂಡಿನ ತಿರುಗಾಟ ದೋಷವೆಂದೇ ಆಗಿನ ಆಟಗಾರರ ಮತ. ಟೇಟನು ಚೆಂಡಿಗೆ ಒಂದು ಉದ್ದನೆಯ ತೆಳುಪಟ್ಟಿಯನ್ನು ಕಟ್ಟಿ, ಅದು ಹುರಿಗೊಳ್ಳದಂತೆ ಹಾಸಿ, ಚೆಂಡನ್ನು ಹೊಡೆಯಿಸಿದನು; ಬಳಿಕ ಪಟ್ಟಿಯಲ್ಲಿ ಬಿದ್ದ ಹುರಿಗಳನ್ನು ಎಣಿಸಿದನು. ಚೆನ್ನಾಗಿ ಹೊಡೆದ ಚೆಂಡುಗಳು ಸೆಕೆಂಡಿಗೆ ಹತ್ತಾರು ಬಾರಿ ಹಿಮ್ಮುಖವಾಗಿ ತಿರುಗುತ್ತವೆಂಬುದು ಸಿದ್ಧವಾಯಿತು. ದೋಷವೆಂದು ತಿಳಿದಿದ್ದುದೇ ದೂರದ ಹೊಡೆತದ ಮೂಲವಾಗಿತ್ತು.

ಭ್ರಮಣವೆಂಬ ರೆಕ್ಕೆ

ತಿರುಗುವ ಚೆಂಡು ಬಾಗಿ ಹಾರುತ್ತದೆಂಬುದು ಟೇಟನಿಗಿಂತ ಬಹಳ ಹಿಂದೆಯೇ ತಿಳಿದಿತ್ತು. ಬೆಳಕಿನ ವಿಷಯವಾಗಿ 1672ರಲ್ಲಿ ಪ್ರಕಟವಾದ ತನ್ನ ಪತ್ರದಲ್ಲಿ ನ್ಯೂಟನ್ನನು, ಓರೆ ರ‍್ಯಾಕೆಟ್ಟಿನಿಂದ ಹೊಡೆದ ಟೆನ್ನಿಸ್ ಚೆಂಡು ಬಾಗುವುದನ್ನು ಪ್ರಸ್ತಾಪಿಸಿದ್ದಾನೆ. ಬಂದೂಕಿನ ಗುಂಡುಗಳು ದಾರಿ ತಪ್ಪುವುದಕ್ಕೆ ಭ್ರಮಣವೇ ಕಾರಣವೆಂದು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ವಾದಿಸಿದನು. ಹತ್ತೊಂಬತ್ತನೆಯ ಶತಮಾನದ ನಡುವೆ ಬರ್ಲಿನ್ನಿನ ಮ್ಯಾಗ್ನಸ್ ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸಿದನು. ಅವನ ಹೆಸರಿನಿಂದಲೇ ಈಗ ಇದಕ್ಕೆ ಮ್ಯಾಗ್ನಸ್ ಪರಿಣಾಮವೆಂದು ಹೆಸರು.

ಇದರ ಬಗೆ ಹೀಗೆ. ಚೆಂಡು ನಮ್ಮಿಂದ ದೂರಕ್ಕೆ ಹಾರುತ್ತಿದೆ. ಅದರ ಮೇಲುಭಾಗ ನಮ್ಮ ಕಡೆಗೂ ಕೆಳಭಾಗ ಮುಂದಕ್ಕೂ ತಿರುಗುತ್ತಿವೆ ಎಂದು ಊಹಿಸಿಕೊಳ್ಳಿ. ಇದೇ ಹಿಮ್ಮುಖ ಭ್ರಮಣ. ಚೆಂಡಿಗೆ ಎದುರಾಗಿ ಬರುವ ಗಾಳಿ ಮೇಲುಭಾಗದಲ್ಲಿ ಹರಿಯುವಾಗ ಚೆಂಡಿನ ಮೈಯೂ ಅದೇ ದಿಕ್ಕಿಗೆ ಚಲಿಸುತ್ತಿರುತ್ತದೆ. ಆದುದರಿಂದ ಗಾಳಿ ಮೈಗೆ ಅಂಟಿಕೊಂಡು ಚೆಂಡಿನ ಹಿಂಬದಿಯವರೆಗೂ ಬಾಗಿ ಬರುತ್ತದೆ. ಕೆಳಭಾಗದಲ್ಲಿ ಮೈಯ ಚಲನೆ ಗಾಳಿಗೆ ಎದುರು. ಅಲ್ಲಿ ಗಾಳಿ ಬೇಗನೆ ಮೈಯನ್ನು ಬಿಟ್ಟು ಸಿಡಿಯುತ್ತದೆ. ಇದರ ಫಲವಾಗಿ ಚೆಂಡಿನ ಹಿಂದೆ ಹರಿದುಹೋಗುವ ಗಾಳಿ ಒಟ್ಟಿನಲ್ಲಿ ಕೆಳಮುಖವಾಗುತ್ತದೆ. ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ಚೆಂಡನ್ನು ಮೇಲಕ್ಕೆ ತಳ್ಳಲೇಬೇಕು. ಸೆಕೆಂಡಿಗೆ 45 ಸುತ್ತು ತಿರುಗುತ್ತ 74 ಮೀಟರು ವೇಗದಲ್ಲಿ ಹೊರಟ ಚೆಂಡಿನ ಮೇಲೆ ಮೊದಮೊದಲು ಈ ಎತ್ತುಬಲ ಚೆಂಡಿನ ತೂಕಕ್ಕಿಂತಲೂ ಹೆಚ್ಚಾಗಿರುತ್ತದೆ. ಚೆಂಡು ಬೀಳುವ ಬದಲು ಮೇಲುಮೇಲಕ್ಕೆ ಬಾಗುವುದು ಇದರಿಂದಲೇ. ತಿರುಗುವ ಚೆಂಡಿಗೆ ಕಣ್ಣಿಗೆ ಕಾಣದ ರೆಕ್ಕೆಗಳಿವೆ ಎಂದರೆ ತಪ್ಪಾಗಲಾರದು.

ಕ್ರಿಕೆಟ್ಟನ್ನು ಬಲ್ಲ ವಾಚಕರಿಗೆ ಇದರ ತಿರುವುಮುರುವು ಪರಿಚಿತವೇ. ಮುಮ್ಮುಖವಾಗಿ ತಿರುಗಿಸಿ ಎಸೆದ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ದಾಂಡಿಗನು ಎಣಿಸಿದ್ದ ಜಾಗಕ್ಕಿಂತ ಮುಂಚೆಯೇ ಅದು ನೆಲ ಮುಟ್ಟುತ್ತದೆ. ಎರಪಳ್ಳಿ ಪ್ರಸನ್ನರ ಚೆಂಡು ಪಿಚ್ಚಿಗೆ ಬೀಳುವ ಮುಂಚೆ ಗಾಳಿಯಲ್ಲೇ ಮೋಸ ಮಾಡುತ್ತಿತ್ತೆಂದು ಹಿರಿಯರು ಹೇಳುವ ಮಾತಿಗೆ ಭೌತವಿಜ್ಞಾನದ ಆಧಾರ ಇದೇ.

ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ ಕೂಡ ಈ ವಿಷಯವನ್ನು ಬಿಡಲಿಲ್ಲ. 1910ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಲ್ಫ್ ಚೆಂಡಿನ ಮೇಲೆ ಉಪನ್ಯಾಸ ಮಾಡುವಾಗ ಅವನು ಒಂದು ಗಾಜಿನ ನಳಿಗೆಯಲ್ಲಿ ಎಲೆಕ್ಟ್ರಾನುಗಳ ಎಳೆಯೊಂದನ್ನು ಹಾಯಿಸಿದನು. ವಿದ್ಯುದ್ಬಲ ಗುರುತ್ವದ ಪಾತ್ರ ವಹಿಸಿತು, ಕಾಂತಬಲ ಭ್ರಮಣದ ಪಾತ್ರ ವಹಿಸಿತು. ಗಾಲ್ಫ್ ಚೆಂಡು ಬಯಲಿನಲ್ಲಿ ಹಿಡಿಯುವ ಬಗೆಬಗೆಯ ಹಾದಿಗಳು ಹೊಳೆಯುವ ಗೆರೆಗಳಾಗಿ ಸಭಿಕರ ಕಣ್ಣಮುಂದೆ ಮೂಡಿದವು.

ಚೆಂಡಿನ ಮೈಮೇಲಿನ ಗುಳಿಗಳ ವಿಷಯವಾಗಿಯೂ ಒಂದು ಮಾತು ಹೇಳಬೇಕು. 1848ರ ಸುಮಾರಿಗೆ ಗಟಾಪರ್ಚ ಎಂಬ ಮರದ ಅಂಟಿನಿಂದ ಮಾಡಿದ ನುಣುಪು ಚೆಂಡುಗಳು ಬಂದವು. ಹೊಸ ಚೆಂಡಿಗಿಂತ ಪೆಟ್ಟು ತಿಂದು ತರಚಿದ ಹಳೆಯ ಚೆಂಡೇ ಚೆನ್ನಾಗಿ ಹಾರುವುದನ್ನು ಆಟಗಾರರು ಗಮನಿಸಿದರು. ಬೇಕೆಂದೇ ಚೆಂಡಿನ ಮೈಮೇಲೆ ಕಚ್ಚುಗಳನ್ನು ಮಾಡತೊಡಗಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಗುಳಿಗಳುಳ್ಳ ಚೆಂಡಿಗೆ ಪೇಟೆಂಟ್ ಪಡೆದನು. ಈಗಿನ ಚೆಂಡಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಗುಳಿಗಳಿರುತ್ತವೆ. ಇವು ಚೆಂಡಿನ ಮೈಗೆ ಹತ್ತಿದ ತೆಳುವಾದ ಗಾಳಿಯ ಪದರವನ್ನು ಕಲಕುತ್ತವೆ. ಕಲಕಿದ ಪದರ ಮೈಗೆ ಹೆಚ್ಚು ದೂರ ಅಂಟಿಕೊಂಡು ಹರಿಯುವುದರಿಂದ ಚೆಂಡಿನ ಹಿಂದಿನ ಸುಳಿಗಾಳಿಯ ಪಟ್ಟೆ ಕಿರಿದಾಗುತ್ತದೆ. ಗಾಳಿಯ ತಡೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ಹೊಡೆತಕ್ಕೆ ನುಣುಪಾದ ಚೆಂಡು ಗುಳಿಚೆಂಡಿನ ಅರ್ಧದಷ್ಟು ದೂರವೂ ಹೋಗುವುದು ಕಷ್ಟ.

ಅರ್ಧ ಮಿಲಿಸೆಕೆಂಡು

ಇನ್ನು ಆಟಗಾರನ ಕಡೆಗೆ ತಿರುಗೋಣ. ದಾಂಡನ್ನು ಹಿಂದಕ್ಕೆತ್ತಿ ಮತ್ತೆ ಕೆಳಗೆ ತಂದು ಹೊಡೆಯುವ ಇಡೀ ಕ್ರಿಯೆಗೆ ಬೀಸು ಎನ್ನೋಣ. ಎತ್ತುವುದಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಕಡಮೆ, ಇಳಿಸುವುದಕ್ಕೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಆದರೆ ದಾಂಡೂ ಚೆಂಡೂ ಒಂದನ್ನೊಂದು ಮುಟ್ಟಿರುವುದು ಅರ್ಧ ಮಿಲಿಸೆಕೆಂಡು ಮಾತ್ರ, ಅಂದರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ಇಷ್ಟರಲ್ಲೇ 46 ಗ್ರಾಂ ತೂಕದ ಚೆಂಡು ನಿಶ್ಚಲ ಸ್ಥಿತಿಯಿಂದ 74 ಮೀಟರು ವೇಗ ಪಡೆಯಬೇಕು. ಸಂವೇಗದ ಬದಲಾವಣೆಯನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಬಲ ಸುಮಾರು 6,800 ನ್ಯೂಟನ್ ಎಂದು ಬರುತ್ತದೆ. ಇದು ಸುಮಾರು 690 ಕಿಲೋಗ್ರಾಂ ಭಾರಕ್ಕೆ ಸಮ. ಆ ಕ್ಷಣದಲ್ಲಿ ಚೆಂಡು ಗೋಳವಾಗಿರುವುದಿಲ್ಲ. ದಾಂಡಿನ ಮುಖಕ್ಕೆ ಒತ್ತಿ ಚಪ್ಪಟೆಯಾಗಿರುತ್ತದೆ.

ಹೊಡೆತ ಬಿದ್ದ ಸುದ್ದಿ ದಾಂಡಿನ ಮೂಲಕ ಕೈಗೆ, ಕೈಯಿಂದ ನರಗಳ ಮೂಲಕ ಮಿದುಳಿಗೆ ತಲಪಲು ಸೆಕೆಂಡಿನ ನೂರನೆಯ ಒಂದು ಪಾಲಾದರೂ ಬೇಕು. ಅಷ್ಟರಲ್ಲಿ ಚೆಂಡು ಮುಕ್ಕಾಲು ಮೀಟರು ದಾಟಿಹೋಗಿರುತ್ತದೆ. ಹೊಡೆಯುವಾಗ ಚೆಂಡನ್ನು ತಿದ್ದಿದೆನೆಂದು ಯಾವ ಆಟಗಾರನು ಹೇಳಿದರೂ ಅದು ಭ್ರಮೆ. ಹೊಡೆದ ಮೇಲೆ ಅವನು ಕೈಯನ್ನು ಎಷ್ಟು ಚೆಂದವಾಗಿ ಮೇಲೆತ್ತಿದರೂ ಚೆಂಡಿಗೆ ಅದು ತಿಳಿಯದು.

ಹಾಗಾದರೆ ಚೆಂಡಿಗೆ ತಿಳಿಯುವುದೇನು? ಆ ಅರ್ಧ ಮಿಲಿಸೆಕೆಂಡಿನಲ್ಲಿ ದಾಂಡಿನ ತಲೆಯ ವೇಗ ಎಷ್ಟು. ಅದು ಯಾವ ದಿಕ್ಕಿಗೆ ಸಾಗುತ್ತಿತ್ತು. ಅದರ ಮುಖ ಯಾವ ಕಡೆಗೆ ತಿರುಗಿತ್ತು. ಚೆಂಡು ಮುಖದ ಯಾವ ಜಾಗಕ್ಕೆ ತಗುಲಿತು. ಇಷ್ಟೇ. ಆಟಗಾರನ ವಯಸ್ಸು, ಮೈಕಟ್ಟು, ನಿಲುವು, ಗುರುಗಳು ಹೇಳಿಕೊಟ್ಟ ನೂರು ಸೂಚನೆಗಳು ಇವೆಲ್ಲವೂ ಈ ಕೆಲವು ಅಂಕಿಗಳ ಮೂಲಕವೇ ಚೆಂಡನ್ನು ಮುಟ್ಟಬೇಕು.

ವೇಗ ಬರುವುದು ಹೇಗೆ?

ಬಲಶಾಲಿಯಾದ ಹೊಸಬನು ತೋಳಿನ ಬಲವನ್ನೆಲ್ಲ ಹಾಕಿ ಹೊಡೆದರೂ ಚೆಂಡು ದೂರ ಹೋಗದಿರುವುದೂ, ಸಣಕಲು ಮೈಯ ಪಳಗಿದ ಆಟಗಾರನು ಸುಲಭವಾಗಿ ಹೊಡೆದುದು ಅವನನ್ನು ಮೀರಿಸುವುದೂ ಗಾಲ್ಫ್ ಬಯಲಿನಲ್ಲಿ ನಿತ್ಯದ ನೋಟ. ಇದಕ್ಕೆ ಕಾರಣ ಬೀಸಿನ ರಚನೆಯಲ್ಲಿದೆ.

ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಕೈ ಸುತ್ತುವುದು ಮೆಲ್ಲಗೆ. ಕವಣೆಯ ತುದಿಯ ಕಲ್ಲು ಹಾರುವುದು ಬಹು ವೇಗವಾಗಿ. ಗಾಲ್ಫ್ ಬೀಸನ್ನು ಭೌತವಿಜ್ಞಾನಿಗಳು ಜೋಡಿ ಲೋಲಕವೆಂದು ವರ್ಣಿಸುತ್ತಾರೆ. ಭುಜದಿಂದ ತೂಗುವ ತೋಳು ಮೊದಲ ಲೋಲಕ. ಮಣಿಕಟ್ಟಿನ ಕೀಲಿನಿಂದ ತೂಗುವ ದಾಂಡು ಎರಡನೆಯದು. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ನಡೆದ ವಿಸ್ತಾರವಾದ ಸಂಶೋಧನೆಯ ಫಲವಾಗಿ ಆಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬವರು 1968ರಲ್ಲಿ ಹೊರತಂದ ಪುಸ್ತಕದಲ್ಲಿ ಈ ಚಿತ್ರ ಸ್ಪಷ್ಟವಾಗಿ ನಿರೂಪಿತವಾಗಿದೆ.

ಬೀಸಿನ ತುತ್ತತುದಿಯಲ್ಲಿ ತೋಳಿಗೂ ದಾಂಡಿಗೂ ಸುಮಾರು ಲಂಬಕೋನವಿರುತ್ತದೆ. ಇಳಿಬೀಸು ಸೊಂಟದಿಂದ ಆರಂಭವಾಗಿ ಎದೆಗೆ, ಎದೆಯಿಂದ ತೋಳಿಗೆ ಹರಿಯುತ್ತದೆ. ಈ ಮೊದಲ ಭಾಗದಲ್ಲಿ ದಾಂಡು ಮಡಿಚಿಕೊಂಡೇ ಇರಬೇಕು. ಹಾಗಿದ್ದರೆ ಅದರ ಭಾರ ತಿರುಗುವ ಅಕ್ಷಕ್ಕೆ ಹತ್ತಿರವಿರುತ್ತದೆ. ಜಡತ್ವ ಭ್ರಾಮಕ ಕಡಮೆಯಾಗಿ ತೋಳುಗಳು ಬೇಗನೆ ವೇಗ ಪಡೆಯುತ್ತವೆ. ಬಳಿಕ, ಕವಣೆಯ ಕಲ್ಲಿನಂತೆ, ದಾಂಡಿನ ತಲೆ ತಾನಾಗಿ ಹೊರಕ್ಕೆ ಚಿಮ್ಮುತ್ತದೆ. ಅದು ಚಿಮ್ಮುವಾಗ ಕೈಗಳನ್ನು ಹಿಂದಕ್ಕೆ ಎಳೆಯುವುದರಿಂದ ಕೈಗಳ ವೇಗ ಇಳಿಯುತ್ತದೆ. ಅವು ಕಳೆದುಕೊಂಡ ಶಕ್ತಿ ದಾಂಡಿಗೆ ಸೇರುತ್ತದೆ. ಹೊಡೆತದ ಕ್ಷಣದಲ್ಲಿ ಕೈಗಳ ವೇಗ ಸೆಕೆಂಡಿಗೆ ಸುಮಾರು 10 ಮೀಟರು. ದಾಂಡಿನ ತಲೆಯದು 50 ಮೀಟರು. ಹೊಸಬನು ಅವಸರದಿಂದ ಮೇಲಿನಿಂದಲೇ ಮಣಿಕಟ್ಟನ್ನು ಬಿಚ್ಚಿ ದಾಂಡನ್ನು ಎಸೆಯುತ್ತಾನೆ. ಜಡತ್ವ ಭ್ರಾಮಕ ಮೊದಲೇ ದೊಡ್ಡದಾಗುತ್ತದೆ; ತೋಳು ಭಾರವಾಗುತ್ತದೆ; ವೇಗದ ಶಿಖರ ಚೆಂಡನ್ನು ಮುಟ್ಟುವ ಮುಂಚೆಯೇ ಕಳೆದುಹೋಗುತ್ತದೆ. ಹೆಚ್ಚು ಬಲ ಹಾಕಿ ಕಡಮೆ ಫಲ ಪಡೆಯುವ ಬಗೆ ಇದು.

"ಮೈಭಾರವನ್ನೆಲ್ಲ ಹೊಡೆತಕ್ಕೆ ಹಾಕು" ಎಂಬುದು ಹಳೆಯ ಉಪದೇಶ. ಇದನ್ನೂ ಪರೀಕ್ಷಿಸೋಣ. ದಾಂಡಿನ ಕೋಲು ತೆಳುವಾದದ್ದು, ಬಾಗುವಂಥದು. ಅರ್ಧ ಮಿಲಿಸೆಕೆಂಡಿನಲ್ಲಿ ಮೈಯ ಭಾರ ಅದರ ಮೂಲಕ ಚೆಂಡಿಗೆ ತಲಪಲಾರದು. ದಾಂಡಿನ ತಲೆ ಆಗ ಕೈಬಿಟ್ಟು ಹಾರುವ 200 ಗ್ರಾಂ ತೂಕದ ಒಂದು ಕಲ್ಲಿನಂತೆಯೇ ವರ್ತಿಸುತ್ತದೆ. ಬ್ರಿಟನ್ನಿನ ಆ ಸಂಶೋಧಕರು ಕೋಲಿನ ಕೆಳತುದಿಯಲ್ಲಿ ಸಡಿಲವಾದ ಕೀಲು ಹಾಕಿದ ದಾಂಡಿನಿಂದ ಹೊಡೆಯಿಸಿ ನೋಡಿದರು. ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ತಲೆಯ ತೂಕವನ್ನು ಇಮ್ಮಡಿ ಮಾಡಿದರೂ, ವೇಗ ಅಷ್ಟೇ ಇದ್ದರೆ, ಚೆಂಡಿನ ವೇಗ ಹೆಚ್ಚುವುದು ನೂರಕ್ಕೆ ಹತ್ತರಷ್ಟು ಮಾತ್ರ. ತಲೆಯ ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೂ ಅದೇ ಲಾಭ. ಮೈಯ ಕೆಲಸ ಹೊಡೆತಕ್ಕೆ ಮುಂಚೆ, ವೇಗವನ್ನು ಕಟ್ಟುವುದರಲ್ಲಿ, ಹೊಡೆತದಲ್ಲಿ ಅಲ್ಲ.

ಚೆಂಡು ಪಕ್ಕಕ್ಕೆ ಬಾಗುವುದೇಕೆ?

ಈಗ ಅತ್ಯಂತ ಕುತೂಹಲದ ಭಾಗಕ್ಕೆ ಬಂದೆವು. ಬಲಗೈ ಆಟಗಾರರಲ್ಲಿ ಹೊಸಬರ ಚೆಂಡು ಸಾಮಾನ್ಯವಾಗಿ ಬಲಕ್ಕೆ ಬಾಗಿ ಪೊದೆ ಸೇರುತ್ತದೆ. ಇದಕ್ಕೆ ಸ್ಲೈಸ್ ಎಂದು ಹೆಸರು. ಎಡಕ್ಕೆ ಬಾಗಿದರೆ ಹುಕ್.

ಎರಡು ದಿಕ್ಕುಗಳನ್ನು ಬೇರೆಬೇರೆಯಾಗಿ ನೆನಪಿನಲ್ಲಿಡಬೇಕು. ದಾಂಡಿನ ತಲೆ ಸಾಗುತ್ತಿರುವ ದಿಕ್ಕು ಒಂದು. ದಾಂಡಿನ ಮುಖ ನೋಡುತ್ತಿರುವ ದಿಕ್ಕು ಇನ್ನೊಂದು. ಇವೆರಡೂ ಒಂದೇ ಆಗಿರಬೇಕಾಗಿಲ್ಲ. ಬೇರೆಯಾದಾಗ ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ? ತಲೆ ಸಾಗುವ ದಿಕ್ಕಿಗೆ ಹೊರಟು, ಆಮೇಲೆ ಮುಖದ ದಿಕ್ಕಿಗೆ ಬಾಗುತ್ತದೆಂದು ಬಹುಕಾಲ ಗುರುಗಳು ಶಿಷ್ಯರಿಗೆ ಹೇಳಿಕೊಡುತ್ತಿದ್ದರು. ಇದು ತಪ್ಪೆಂದು ಪಿ. ಯು. ಸಿ. ವಿದ್ಯಾರ್ಥಿಯೇ ಲೆಕ್ಕ ಮಾಡಿ ತೋರಿಸಬಹುದು.

ದಾಂಡಿನ ತಲೆಯ ವೇಗವನ್ನು ಮುಖಕ್ಕೆ ಲಂಬವಾದ ಒಂದು ಭಾಗವಾಗಿಯೂ, ಮುಖದ ಉದ್ದಕ್ಕೆ ಜಾರುವ ಒಂದು ಭಾಗವಾಗಿಯೂ ಒಡೆಯೋಣ. ಲಂಬಭಾಗ ಚೆಂಡನ್ನು ಅಮುಕಿ ಪುಟಿಸುತ್ತದೆ. 200 ಗ್ರಾಂ ತಲೆ 46 ಗ್ರಾಂ ಚೆಂಡಿಗೆ ತಗುಲಿದಾಗ ಚೆಂಡು ಈ ಭಾಗದ ಸುಮಾರು ಒಂದೂವರೆ ಪಟ್ಟು ವೇಗ ಪಡೆಯುತ್ತದೆ. ಜಾರುವ ಭಾಗ ಘರ್ಷಣೆಯ ಮೂಲಕ ಮಾತ್ರ ಚೆಂಡನ್ನು ಎಳೆಯಬಲ್ಲದು. ಆ ಎಳೆತದ ಬಹುಪಾಲು ಚೆಂಡನ್ನು ತಿರುಗಿಸುವುದಕ್ಕೆ ವ್ಯಯವಾಗುತ್ತದೆ. ಘನಗೋಳದ ಜಡತ್ವ ಭ್ರಾಮಕವನ್ನಿಟ್ಟು ಲೆಕ್ಕ ಹಾಕಿದರೆ, ಜಾರುವ ವೇಗದ ಏಳರಲ್ಲಿ ಎರಡು ಪಾಲು ಚೆಂಡನ್ನು ಸಾಗಿಸುತ್ತದೆ, ಐದು ಪಾಲು ಅದನ್ನು ತಿರುಗಿಸುತ್ತದೆ ಎಂದು ಬರುತ್ತದೆ. ಒಂದೂವರೆಯ ಎದುರು ಏಳರಲ್ಲಿ ಎರಡು ಎಂದರೆ ಸುಮಾರು ಐದಕ್ಕೆ ಒಂದು. ಆದುದರಿಂದ ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಣಯಿಸುವುದು ಮುಖವೇ ಹೊರತು ತಲೆಯ ಹಾದಿಯಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಬಳಕೆಗೆ ಬಂದ ಡಾಪ್ಲರ್ ರಾಡಾರ್ ಉಪಕರಣಗಳು ಇದನ್ನೇ ದೃಢಪಡಿಸಿವೆ. ಡ್ರೈವರ್ ಎಂಬ ದೂರದ ದಾಂಡಿನಲ್ಲಿ ಮುಖದ ಪಾಲು ನೂರಕ್ಕೆ ಸುಮಾರು 85.

ಇನ್ನು ಬಾಗುವಿಕೆ. ದಾಂಡಿನ ಮುಖ ಸ್ವಲ್ಪ ಮೇಲಕ್ಕೆ ಓರೆಯಾಗಿರುವುದರಿಂದಲೇ ಹಿಮ್ಮುಖ ಭ್ರಮಣ ಉಂಟಾಗುತ್ತದೆ. ಮುಖ ಪಕ್ಕಕ್ಕೂ ತಿರುಗಿದ್ದರೆ ಭ್ರಮಣದ ಅಕ್ಷ ಮಟ್ಟವಾಗಿರದೆ ಒಂದು ಕಡೆಗೆ ವಾಲುತ್ತದೆ. ಹಿಮ್ಮುಖ ಭ್ರಮಣ ಬೇರೆ, ಪಕ್ಕದ ಭ್ರಮಣ ಬೇರೆ ಎಂದು ಎರಡಿಲ್ಲ. ಚೆಂಡಿಗಿರುವುದು ಒಂದೇ ಭ್ರಮಣ, ಒಂದೇ ಅಕ್ಷ. ವಿಮಾನ ಒಂದು ರೆಕ್ಕೆಯನ್ನು ತಗ್ಗಿಸಿದಾಗ ಆ ಕಡೆಗೆ ತಿರುಗುವಂತೆ, ಅಕ್ಷ ವಾಲಿದಾಗ ಎತ್ತುಬಲದ ಒಂದಂಶ ಪಕ್ಕಕ್ಕೆ ಸೇರಿ ಚೆಂಡು ಆ ಕಡೆಗೆ ಬಾಗುತ್ತದೆ. ಅಕ್ಷದ ಈ ವಾಲಿಕೆಗೆ ಕಾರಣ ಮುಖಕ್ಕೂ ಹಾದಿಗೂ ನಡುವಣ ಕೋನ. ಹಾದಿ ನೇರವಾಗಿದ್ದು ಮುಖ ಕೇವಲ 4 ಡಿಗ್ರಿ ಬಲಕ್ಕೆ ತೆರೆದಿದ್ದರೆ, 250 ಮೀಟರು ದೂರದಲ್ಲಿ ಹೊರಟ ದಿಕ್ಕಿನಿಂದಲೇ ಸುಮಾರು 15 ಮೀಟರು ತಪ್ಪುತ್ತದೆ. ಬಾಗುವಿಕೆಯಿಂದ ಇನ್ನೂ 20 ಮೀಟರಿಗೂ ಹೆಚ್ಚು ಸೇರುತ್ತದೆ. ಹೊಡೆತದ ವೇಳೆಗೆ ದಾಂಡಿನ ಮುಖ ಸೆಕೆಂಡಿಗೆ ಸುಮಾರು 2,000 ಡಿಗ್ರಿಯಷ್ಟು ಬೇಗ ತಿರುಗುತ್ತಿರುತ್ತದೆ. ಎಂದರೆ ಒಂದು ಮಿಲಿಸೆಕೆಂಡು ಹೆಚ್ಚುಕಡಮೆಯಾದರೆ 2 ಡಿಗ್ರಿ ತಪ್ಪು. ಆಟದ ಕಷ್ಟ ಎಲ್ಲಿದೆಯೆಂಬುದು ಇದರಿಂದ ಗೊತ್ತಾಗುತ್ತದೆ.

ಡ್ರೈವರಿನಲ್ಲಿ ಸ್ಲೈಸ್ ಆಗುವ ಆಟಗಾರನೇ ಹೆಚ್ಚು ಓರೆಯ ಗಿಡ್ಡ ದಾಂಡಿನಲ್ಲಿ ನೇರವಾಗಿ ಹೊಡೆಯುವುದೂ ಇದರಿಂದಲೇ ಅರ್ಥವಾಗುತ್ತದೆ. ಡ್ರೈವರಿನ ಓರೆ ಸುಮಾರು 10 ಡಿಗ್ರಿ. ಅದರೆದುರು 4 ಡಿಗ್ರಿಯ ತಪ್ಪು ದೊಡ್ಡದು. ಗಿಡ್ಡ ದಾಂಡಿನ ಓರೆ 45 ಡಿಗ್ರಿ. ಅದರೆದುರು ಅದೇ 4 ಡಿಗ್ರಿ ಅಲ್ಪ, ಅಕ್ಷ ಹೆಚ್ಚು ವಾಲುವುದಿಲ್ಲ. ತಪ್ಪು ಅಷ್ಟೇ; ಶಿಕ್ಷೆ ಮಾತ್ರ ಬೇರೆ.

ಈಗ ಹಳೆಯ ಉಪದೇಶದಿಂದ ಆದ ಅನರ್ಥವನ್ನು ನೋಡಿ. ಚೆಂಡು ಬಲಕ್ಕೆ ಬಾಗುತ್ತಿದೆ. ಆಟಗಾರನು ಸ್ವಾಭಾವಿಕವಾಗಿಯೇ ಎಡಕ್ಕೆ ಗುರಿಯಿಟ್ಟು ಎಡಕ್ಕೆ ಬೀಸುತ್ತಾನೆ. ಆದರೆ ದಾಂಡಿನ ಮುಖವನ್ನು ಗುರಿಯ ಕಡೆಗೇ ಹಿಡಿದಿರುತ್ತಾನೆ. ಹಾದಿ 6 ಡಿಗ್ರಿ ಎಡಕ್ಕಿದ್ದುದು 10 ಡಿಗ್ರಿಯಾಗುತ್ತದೆ. ಮುಖಕ್ಕೂ ಹಾದಿಗೂ ನಡುವಣ ಕೋನ ಹೆಚ್ಚುತ್ತದೆ. ಅಕ್ಷ ಇನ್ನಷ್ಟು ವಾಲುತ್ತದೆ. ಚೆಂಡು ಮೊದಲಿಗಿಂತ ಹೆಚ್ಚಾಗಿ ಬಲಕ್ಕೆ ಬಾಗುತ್ತದೆ! ಅವನು ಇನ್ನೂ ಎಡಕ್ಕೆ ಬೀಸುತ್ತಾನೆ. ಮದ್ದೇ ರೋಗವನ್ನು ಬೆಳೆಸುತ್ತದೆ. ಎಷ್ಟೋ ಮಂದಿ ವರ್ಷಗಟ್ಟಲೆ ಶ್ರದ್ಧೆಯಿಂದ ಅಭ್ಯಾಸ ಮಾಡಿಯೂ ಈ ಸುಳಿಯಿಂದ ಹೊರಬರದಿದ್ದುದು ಶ್ರಮದ ಕೊರತೆಯಿಂದಲ್ಲ, ಕಾರಣವನ್ನು ತಪ್ಪಾಗಿ ತಿಳಿದುದರಿಂದ. ಕಾರಣ ತಪ್ಪಿದರೆ ಅಭ್ಯಾಸವೂ ಶತ್ರುವಾಗಬಲ್ಲದು.

ಗಾಳಿಯಿಲ್ಲದ ಬಯಲು

1971ರ ಫೆಬ್ರವರಿ 6ರಂದು ಅಪೊಲೊ 14ರ ಯಾತ್ರಿಕ ಅಲನ್ ಶೆಪರ್ಡ್ ಚಂದ್ರನ ಮೇಲೆ ನಿಂತು, ಮಣ್ಣು ಸಂಗ್ರಹಿಸುವ ಉಪಕರಣದ ಹಿಡಿಗೆ ಗಾಲ್ಫ್ ದಾಂಡಿನ ತಲೆ ಸಿಕ್ಕಿಸಿ, ಎರಡು ಚೆಂಡುಗಳನ್ನು ಹೊಡೆದನು. ಒಂದು ಹೊಡೆತವನ್ನು ನೋಡಿ ಭೂಮಿಯಿಂದ ಸಂಗಾತಿಯೊಬ್ಬನು, ಸ್ಲೈಸ್ ಆದಂತೆ ಕಾಣುತ್ತದೆಂದು ಹಾಸ್ಯ ಮಾಡಿದನು. ಹಾಸ್ಯವೇನೋ ಸರಿ, ಆದರೆ ಗಾಳಿಯಿಲ್ಲದ ಚಂದ್ರನ ಮೇಲೆ ಯಾವ ಆಟಗಾರನೂ ಸ್ಲೈಸ್ ಮಾಡಲಾರನು. ಅಲ್ಲಿ ಭ್ರಮಣಕ್ಕೆ ಹಿಡಿತವಿಲ್ಲ, ಗುಳಿಗಳಿಗೆ ಕೆಲಸವಿಲ್ಲ. ನಮ್ಮ ಹಲಗೆಯ ಮೇಲಿನ ಪರವಲಯ ನಿಜವಾಗುವುದು ಅಲ್ಲಿಯೇ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ಕರಾವಳಿಗಿಂತ ನೂರಕ್ಕೆ ಎಂಟು ಹತ್ತರಷ್ಟು ತೆಳು; ಅಲ್ಲಿ ಎತ್ತುಬಲವೂ ಪಕ್ಕದ ಬಾಗುವಿಕೆಯೂ ಅಷ್ಟಿಷ್ಟು ಕಡಮೆಯಾಗುತ್ತವೆ, ತಡೆಯೂ ಕಡಮೆಯಾಗುತ್ತದೆ. ಮಂಗಳೂರಿನಲ್ಲಿ ಹೊಡೆದ ಚೆಂಡಿನ ಹಾದಿ ಬೆಂಗಳೂರಿನಲ್ಲಿ ಹೊಡೆದುದರ ಹಾದಿಗೆ ಸರಿಯಾಗಿ ಹೊಂದುವುದಿಲ್ಲ.

ಹೀಗೆ ನಾವು ತರಗತಿಯಲ್ಲಿ ಮೆಲ್ಲನೆ ಹೇಳಿ ಬಿಟ್ಟುಬಿಡುವ ಒಂದು ಮಾತಿನ ಒಳಗೆ ಎಷ್ಟು ಅಡಗಿದೆ ನೋಡಿ! ಟೇಟನಂಥ ಪ್ರಾಜ್ಞನೂ ಭ್ರಮಣವನ್ನು ಬಿಟ್ಟು ಲೆಕ್ಕ ಮಾಡಿ ಎಡವಿದನು. ಆದರೆ ಬಯಲಿನ ಗಡಿಯಾರಕ್ಕೂ ತನ್ನ ಗಣಿತಕ್ಕೂ ವ್ಯತ್ಯಾಸ ಬಂದಾಗ ಗಡಿಯಾರವನ್ನು ಬೈಯಲಿಲ್ಲ; ತಾನು ಬಿಟ್ಟದ್ದೇನೆಂದು ಹುಡುಕಿದನು. ಲೆಕ್ಕವನ್ನು ಸುಲಭ ಮಾಡಿಕೊಳ್ಳಲು ಕೆಲವನ್ನು ಬಿಡಲೇಬೇಕು, ಅದರಲ್ಲಿ ತಪ್ಪಿಲ್ಲ. ಏನನ್ನು ಬಿಟ್ಟೆವೆಂಬುದನ್ನು ಮರೆಯುವುದು ಮಾತ್ರ ತಪ್ಪು. ಈಗ ನಾವು ಆ ಮಾತನ್ನು ಮೆಲ್ಲನೆ ಹೇಳುವುದಿಲ್ಲ. "ಗಾಳಿಯ ತಡೆ ಇಲ್ಲವೆಂದು ಭಾವಿಸೋಣ" ಎಂದು ಹಲಗೆಯ ಮೇಲೆ ಮೊದಲ ಸಾಲಿನಲ್ಲಿಯೇ ಬರೆದು, ಅಡಿಗೆರೆ ಎಳೆಯುತ್ತೇವೆ. ಮುಂದಿನ ಬಾರಿ ನಿಮ್ಮ ಅಧ್ಯಾಪಕರು ಹಾಗೆ ಹೇಳಿದಾಗ, ಗಾಳಿಯಿದ್ದರೆ ಏನಾಗುತ್ತದೆಂದು ಎದ್ದುನಿಂತು ಕೇಳಿ.